ನಳಿಗೆಯಲ್ಲಿ ಏಲಕ್ಕಿ ಬಾಳೆ

ನಮ್ಮ ಮಾವ ಬಂದೂಕು ಕೊಂಡದ್ದು ಹಲಸಿನಹಣ್ಣು ಕೊಂಡ ಹಾಗೆ. ಅಂಗಡಿಯಲ್ಲಿ ಇದ್ದುದರಲ್ಲೆಲ್ಲ ದೊಡ್ಡದನ್ನು ತೋರಿಸಿ, ಇದೇ ಇರಲಿ ಅಂದರಂತೆ. ನಿಡಘಟ್ಟದ ಹತ್ತಿರ ಅವರದು ಕಬ್ಬಿನ ಗದ್ದೆ. ಕಬ್ಬಿಗೆ ಹಂದಿ ಕಾಟ. ಕೊಲ್ಲುವ ಆಸೆ ಮಾವನಿಗಿಲ್ಲ, ಸದ್ದಿಗೆ ಓಡಿಹೋದರೆ ಸಾಕು. ಅದಕ್ಕೆ ಅವರಪ್ಪನ ಕಾಲದ ಒಂಟಿ ನಳಿಗೆಯ ಕೋವಿಯೇ ಧಾರಾಳವಾಗಿತ್ತು. ಅದನ್ನು ಕೊಟ್ಟು, ಲೈಸೆನ್ಸಿಗಾಗಿ ಕಚೇರಿ ಕಚೇರಿ ಅಲೆದು, ಜೋಡಿ ನಳಿಗೆಯ ಈ ಹೊಸ ರೈಫಲ್ ತಂದರು. ಇದರ ಒಂದೊಂದು ತೋಟಾ ನನ್ನ ಹೆಬ್ಬೆರಳಿಗಿಂತ ದಪ್ಪ. ಆನೆಗೆಂದು ಮಾಡಿದ್ದಂತೆ. ನಮ್ಮ ಕಡೆಯ ಹಂದಿಗಳಿಗೆ ಅಷ್ಟು ಮರ್ಯಾದೆ ಈವರೆಗೆ ಯಾರೂ ಕೊಟ್ಟಿರಲಿಲ್ಲ.

ಅತ್ತೆಗೆ ಇದು ಸುತರಾಂ ಇಷ್ಟವಿರಲಿಲ್ಲ. ಮಾವ ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದು ಭುಜ ಮುರಿದುಕೊಂಡವರು. "ಅಂದಿ ಓಡ್ಸಕ್ಕೆ ತಮಟೆ ಸಾಕಾಗಿತ್ತು. ಇದು ಒದ್ರೆ ನಿಮ್ ಬುಜ ಉಳೀತದಾ?" ಅಂತ ದಿನಾ ರಾಗ. ಕೊನೆಗೆ ಷರತ್ತು ಹಾಕಿದರು. ಮಂಡ್ಯದ ಆಚೆ ಇರುವ ಶೂಟಿಂಗ್ ರೇಂಜಿಗೆ ಹೋಗಿ ಒಂದು ಸಲ ಹೊಡೆದು ನೋಡಬೇಕು. ಮಾವ ನಿಂತರೆ ಬಂದೂಕು ಮನೆಯಲ್ಲಿ, ಬಿದ್ದರೆ ಅಂಗಡಿಗೆ ವಾಪಸ್. ಸಾಕ್ಷಿಗೆ ನಾನು. "ಬ್ಯಾಂಕಲ್ಲಿರೋರು, ಅಳೀಂದ್ರು ಸುಳ್ಳೇಳಕಿಲ್ಲ" ಎಂದು ಅತ್ತೆ ನನಗೆ ಸರ್ಟಿಫಿಕೇಟು ಬೇರೆ ಕೊಟ್ಟರು. ಬ್ಯಾಂಕಿನ ವಿಷಯ ಅವರಿಗೇನು ಗೊತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಸಿಟ್ಟು ಸಿಟ್ಟೇ, ಪೂಜೆ ಪೂಜೆಯೇ. ಅತ್ತೆ ಟ್ರಾಕ್ಟರು, ಕುಡುಗೋಲು, ಔಷಧಿ ಹೊಡೆಯುವ ಮಿಷನ್ನು, ಅಡುಗೆಮನೆಯ ಮಿಕ್ಸಿ, ಎಲ್ಲದಕ್ಕೂ ಅರಿಶಿನ ಕುಂಕುಮ ಇಟ್ಟರು. ಗೋಡೆಗೆ ಒರಗಿಸಿದ್ದ ರೈಫಲ್ಲಿಗೂ ಇಟ್ಟು ಸೇವಂತಿಗೆ ಹಾರ ಹಾಕಿ, ಅಗರಬತ್ತಿ ಹಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ಬೇಡಿಕೊಂಡರು. ನಾನು ಪುರಿ ಕಡಲೆ ತಿನ್ನುವುದರಲ್ಲಿದ್ದೆ. ಅಗರಬತ್ತಿ ಎಲ್ಲಿ ನಿಲ್ಲಿಸಿದರು ಅಂತ ನೋಡಲಿಲ್ಲ.

ಹಬ್ಬ ಕಳೆದು ಎರಡು ದಿನಕ್ಕೆ ರೇಂಜಿಗೆ ಹೋದೆವು. ಅಲ್ಲಿ ಹೇಳಿಕೊಡುವವರು ಒಬ್ಬ ರಿಟೈರಾದ ಹವಾಲ್ದಾರರು. ಮಾವ ಹೆಣ್ಣು ತೋರಿಸುವವರ ಹಾಗೆ ಮೆಲ್ಲಗೆ ರೈಫಲ್ಲನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಮಲಗಿಸಿದರು. ಹವಾಲ್ದಾರರು ಬಗ್ಗಿ ನೋಡಿದರು.

"ಯಜಮಾನ್ರೆ, ಇದ್ರಲ್ಲಿ ಇರುವೆ ಯಾಕ್ ಓಡಾಡ್ತವೆ?"

ನಿಜವಾಗಿಯೂ ನಳಿಗೆಯ ಬಾಯಿಂದ ಕೆಂಪಿರುವೆ ಸಾಲುಗಟ್ಟಿ ಇಳಿಯುತ್ತಿದ್ದವು. ಹವಾಲ್ದಾರರು ರೈಫಲ್ಲನ್ನು ಮಧ್ಯಕ್ಕೆ ಮಡಿಸಿ ಹಿಂದಿನಿಂದ ಕಣ್ಣಿಟ್ಟರು. ಒಂದು ನಳಿಗೆಯಲ್ಲಿ ಆಕಾಶ ಕಂಡಿತು, ಇನ್ನೊಂದರಲ್ಲಿ ಕತ್ತಲೆ. ಉದ್ದನೆಯ ಕಡ್ಡಿ ಹಾಕಿ ತಳ್ಳಿದಾಗ ಪುಳಕ್ಕೆಂದು ಹೊರಗೆ ಬಿದ್ದದ್ದು ಅರ್ಧ ಏಲಕ್ಕಿ ಬಾಳೆಹಣ್ಣು. ಅದಕ್ಕೆ ಚುಚ್ಚಿದ್ದ ಅಗರಬತ್ತಿ ಕಡ್ಡಿಯ ಚೂರು ಇನ್ನೂ ಹಾಗೇ ಇತ್ತು.

"ಅಂದಿಗೆ ಗುಂಡ್ ಒಡೀತೀರೋ, ಬಾಳೆಅಣ್ಣು ತಿನ್ನಿಸ್ತೀರೋ?" ಎಂದು ಹವಾಲ್ದಾರರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು, "ಇಂಗೇ ಒಡ್ದಿದ್ರೆ ನಳಿಗೆ ಸೀಳೋಗ್ತಿತ್ತು. ಕೈ, ಮುಖ ಒಂದೂ ಉಳೀತಿರ್ಲಿಲ್ಲ." ಮಾವ ಪಕ್ಕದ ಕುರ್ಚಿ ಹುಡುಕಿ ಕೂತರು. ಮಾವ ಆ ಬಾಳೆಹಣ್ಣನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ನಳಿಗೆ ಉಜ್ಜಿ ಒರೆಸಿದ ಮೇಲೆ ಮಾವ ಎದ್ದು ನಿಂತರು. ಎರಡು ನಳಿಗೆಗೆ ಎರಡು ಕುದುರೆ, ಒಂದೊಂದೇ ಎಳೆಯಿರಿ ಅಂತ ಹವಾಲ್ದಾರರು ಬಾಯಿ ಬಡಿದುಕೊಂಡರೂ ಮಾವನ ಬೆರಳು ಜಾರಿ ಎರಡನ್ನೂ ಒಟ್ಟಿಗೆ ಎಳೆಯಿತು. ಅಂಥ ಸದ್ದು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ, ನನ್ನ ಮೇಲೆ ಮಾವ ಇದ್ದರು. ಬಂದೂಕನ್ನು ಮಾತ್ರ ಹವಾಲ್ದಾರರು ಹಿಡಿದುಕೊಂಡಿದ್ದರು. ಗುರಿ ಹಲಗೆಗೆ ಒಂದು ಗೀರೂ ಆಗಿರಲಿಲ್ಲ.

ವಾಪಸ್ ಬರುವಾಗ ಮಾವ ಮದ್ದೂರಿನಲ್ಲಿ ಕಾರು ನಿಲ್ಲಿಸಿ ನನಗೆ ವಡೆ ಕೊಡಿಸಿದರು. ಒಂದು ಮುಗಿಯುವ ಮುಂಚೆ ಇನ್ನೊಂದು ಬಂತು. ಆಗಲೇ ನನಗೆ ಅನುಮಾನ.

"ಅಳೀಂದ್ರೆ, ನಾನೇನ್ ನೆಲಕ್ ಬಿದ್ನಾ? ನಿಮ್ ಮೇಲ್ ಬಿದ್ದೆ. ಅಳೀನ್ ಮೇಲ್ ಬಿದ್ರೆ ಬಿದ್ದಂಗಲ್ಲ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ. ಆದರೆ ವಡೆ ಗರಿಗರಿಯಾಗಿತ್ತು, ನಾನು ಒಪ್ಪಿಕೊಂಡೆ. ಮಾವ ಜೇಬು ತಟ್ಟಿ ಹೇಳಿದರು, "ಅವಳು ನಂಬ್ನಿಲ್ಲಾಂದ್ರೆ ಈ ಬಾಳೆಅಣ್ಣು ಮುಂದಿಡ್ತೀನಿ. ನನ್ನ ಸಾಯ್ಸಕ್ ಓಗಿದ್ದೆಯಲ್ಲೇ ಅಂತೀನಿ. ಆಮೇಲ್ ಮಾತಾಡ್ಲಿ ನೋಡವ." ನಿಡಘಟ್ಟ ಬರುವವರೆಗೂ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡರು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಕುಡಿದಿಲ್ಲ ಅಂತ ನನ್ನ ಹೆಂಡತಿ ಹಿಂದಿನಿಂದ ಸನ್ನೆ ಮಾಡಿದಳು. ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡು ಕೈ, ಎರಡು ಕಾಲು ಇವೆ ಅಂತ ಖಾತ್ರಿಯಾದ ಮೇಲೆ ಅತ್ತೆ ಉಸಿರು ಬಿಟ್ಟರು.

"ದೇವ್ರು ದೊಡ್ಡೋನು. ಇವ್ರಿಗೇನೂ ಆಗ್ದಂಗ್ ನೋಡ್ಕಳಪ್ಪ ಅಂತ ಆವತ್ತು ಅದ್ರ್ ಮೂತಿಗೇ ಬಾಳೆಅಣ್ಣಿಟ್ಟು ಬತ್ತಿ ಅಚ್ಚಿದ್ದೆ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಏಳಿ ಅಳೀಂದ್ರೆ, ನಿಂತ್ರಾ, ಬಿದ್ರಾ?"

ತಿಂದ ವಡೆಯ ಋಣ ತೀರಿಸಲು ನಾನು ಬಾಯಿ ತೆರೆದೆ. ಮಾವನ ಕೈ ಜೇಬಿಗೆ ಹೋಗಿತ್ತು. ಅದು ಬರಿಗೈಯಾಗಿ ಹೊರಗೆ ಬಂತು.

"ಬಿದ್ದೆ ಕಣಮ್ಮಿ. ದೊಪ್ ಅಂತ ಬಿದ್ದೆ. ನಾಳೀಕೇ ವಾಪಸ್ ಕೊಟ್ಬುಡವ."

ಅತ್ತೆ ಗೆದ್ದ ಖುಷಿಯನ್ನೂ ಮರೆತು, ಏಟಾಯ್ತಾ ಏಟಾಯ್ತಾ ಅನ್ನುತ್ತ ಎಣ್ಣೆ ಕಾಯಿಸಲು ಓಡಿದರು. ನನಗೆ ಸಿಟ್ಟೇ ಬಂತು. ಇಷ್ಟಕ್ಕೆ ನನ್ನ ಸಾಕ್ಷಿ ಯಾಕೆ ಕೊಂಡುಕೊಳ್ಳಬೇಕಿತ್ತು? ಬಾಳೆಹಣ್ಣಿನ ವಿಷಯ ಯಾಕೆ ಎತ್ತಲಿಲ್ಲ ಅಂತ ಹಿತ್ತಲಿನಲ್ಲಿ ಕೇಳಿದೆ. ಮಾವ ಕಾಗದದ ಪೊಟ್ಟಣವನ್ನು ತಿಪ್ಪೆಗೆ ಎಸೆದು ಹೇಳಿದರು.

"ಗೊತ್ತಾದ್ರೆ ಇನ್ಮೇಲೆ ದೇವ್ರ ಮುಂದೂ ಅಣ್ಣು ಇಡಾಕೆ ಎದರ್ತಾಳೆ ಕಣ್ರೀ."

ಮರುವರ್ಷದ ಆಯುಧಪೂಜೆಗೆ ಬಂದೂಕಿರಲಿಲ್ಲ. ಮಂಗಳಾರತಿ ಮುಗಿದದ್ದೇ ತಡ, ಮಾವ ಟ್ರಾಕ್ಟರಿನ ಸುತ್ತ ಒಂದು ಸುತ್ತು ಬಂದರು. ಸೈಲೆನ್ಸರಿನ ಬಾಯಿಗೆ ಸಿಕ್ಕಿಸಿದ್ದ ಏಲಕ್ಕಿ ಬಾಳೆಯನ್ನು ಕಿತ್ತು, ಅಗರಬತ್ತಿ ತೆಗೆದು, ಸುಲಿದು ಬಾಯಿಗೆ ಹಾಕಿಕೊಂಡರು.

"ಏನೂಂದ್ರೆ, ಬತ್ತಿ ಆರೋಕ್ ಮುಂಚೇನೇ ತಿಂತೀರಲ್ಲ!" ಎಂದು ಅತ್ತೆ ಗದರಿದರು.

"ಅಸಿವು ಕಣಮ್ಮಿ," ಅಂದರು ಮಾವ.