ಆಯಿಯ ಬೇಸ್‌ಮೆಂಟಿಗೆ ಹಳ್ಳ ಬಂದ ಬೇಸಿಗೆ

ಆಗೆಲ್ಲ ನಮಗೆ ಬೇಸಿಗೆ ಅಂದರೆ ಬೇಸ್‌ಮೆಂಟು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮಂಥವರ ಮನೆಗಳಲ್ಲಿ ಏಸಿ ಇರುತ್ತಿರಲಿಲ್ಲ. ಜುಲೈ ಬಂತೆಂದರೆ ಮಕ್ಕಳೆಲ್ಲ ಕೆಳಗಿಳಿದು ತಣ್ಣನೆಯ ನೆಲದ ಮೇಲೆ ಅಂಗಾತ ಬಿದ್ದುಕೊಳ್ಳುತ್ತಿದ್ದೆವು. ಈ ಊರಲ್ಲಿ ಬೆಳೆದವರಿಗೆ ಆ ತಂಪು, ಆ ಸಿಮೆಂಟಿನ ವಾಸನೆ ಇನ್ನೂ ನೆನಪಿರಬಹುದು. ನಮ್ಮ ಬೇಸ್‌ಮೆಂಟಿಗೆ ಅದರ ಜೊತೆ ಇನ್ನೊಂದು ವಾಸನೆಯೂ ಇತ್ತು, ಸುಟ್ಟ ಜೋಳದ ಹಿಟ್ಟಿನದು. ಏಕೆಂದರೆ ಅಲ್ಲಿ ನಮ್ಮ ಆಯಿ ಇದ್ದಳು.

ಆಯಿ ಅಂದರೆ ಅಪ್ಪನ ತಾಯಿ. ಧಾರವಾಡದ ಕಡೆಯವಳು. ನನ್ನ ತಮ್ಮ ಗಿರಿ ಹುಟ್ಟಿದಾಗ ಅಪ್ಪ ಅವಳನ್ನು ಸ್ಪಾನ್ಸರ್ ಮಾಡಿ ಊರಿಂದ ಈ ದೇಶಕ್ಕೆ ಕರೆಸಿಕೊಂಡಿದ್ದ. ಅಲ್ಲಿಯವರೆಗೆ ನಾವು ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಆಯಿ ಬರುತ್ತಾಳೆಂದೇ ಅಪ್ಪ ಸ್ಟೀಲ್ಸ್ ರಸ್ತೆಯ ಆಚೆಗೆ ಒಂದೇ ಅಂತಸ್ತಿನ ಹಳೆಯ ಬಂಗಲೋ ಒಂದನ್ನು ಕೊಂಡ. ಮೇಲೆ ಎರಡೇ ಕೋಣೆ. ಆದರೆ ಕೆಳಗೆ ಪೂರ್ತಿ ಬೇಸ್‌ಮೆಂಟು, ಅಲ್ಲೊಂದು ಎರಡನೆಯ ಅಡುಗೆಮನೆ. ಮೊದಲಿದ್ದ ಇಟಾಲಿಯನ್ ಕುಟುಂಬ ಟೊಮ್ಯಾಟೊ ಕುದಿಸಲು ಮಾಡಿಸಿಕೊಂಡದ್ದು. ಅದನ್ನು ನೋಡಿದ್ದೇ ಅವ್ವ, “ಇಲ್ಲಿ ಅತ್ತಿಯವರು ಆರಾಮಾಗಿ ರೊಟ್ಟಿ ಬಡೀಬಹುದು ನೋಡ್ರಿ” ಎಂದಿದ್ದಳಂತೆ. ಹಿತ್ತಿಲ ಬೇಲಿಯಾಚೆ ವಿಲೋ ಮರಗಳ ನಡುವೆ ಸಣ್ಣ ತೊರೆ ಹರಿಯುತ್ತಿತ್ತು. ಮನೆ ತೋರಿಸಿದ ಏಜೆಂಟ್ ಅದನ್ನೊಂದು ಭಾಗ್ಯವೆಂಬಂತೆ ಹೇಳಿದ್ದ. ಅಪ್ಪನೂ ಹಾಗೇ ನಂಬಿದ.

ಆಯಿ ಅದನ್ನು ಹಳ್ಳ ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಅದರಲ್ಲಿ ನಮ್ಮ ಪಾದ ಮುಳುಗುವಷ್ಟೂ ನೀರಿರುತ್ತಿರಲಿಲ್ಲ. ನಾನು, ಗಿರಿ ಕಲ್ಲು ಜೋಡಿಸಿ ಒಡ್ಡು ಕಟ್ಟುತ್ತಿದ್ದೆವು, ಪಾಪ್ಸಿಕಲ್ ಐಸ್‌ಕ್ಯಾಂಡಿಯ ಕಡ್ಡಿಗಳನ್ನು ತೇಲಿಬಿಡುತ್ತಿದ್ದೆವು. ಗಿರಿಗೆ ಆಗ ನಾಲ್ಕು ವರ್ಷ. ಇನ್ನೂ ಸ್ಕೂಲಿಗೆ ಹೋಗುತ್ತಿರಲಿಲ್ಲ. ಅಪ್ಪ ಬೋಲ್ಟನ್‌ನ ಒಂದು ವೇರ್‌ಹೌಸಿನಲ್ಲಿ ಮಷೀನುಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ, ಅವ್ವ ಒಂದು ಫಾರ್ಮಸಿಯಲ್ಲಿ ಕ್ಯಾಶಿಯರ್. ಹಾಗಾಗಿ ಗಿರಿ ಹಗಲೆಲ್ಲ ಆಯಿಯ ಹಿಂದೆಯೇ. ನಾನು ಸ್ಕೂಲಿನ ಇಂಗ್ಲಿಷನ್ನು ಮನೆಗೆ ತರುತ್ತಿದ್ದೆ. ಅವನ ಬಾಯಲ್ಲಿ ಬರುತ್ತಿದ್ದದ್ದು ಅಚ್ಚ ಧಾರವಾಡ ಕನ್ನಡ. “ಅಕ್ಕಾ, ಹಳ್ಳದಾಗ ಮೀನ ಬಂದಾವ, ಲಗೂನ ಬಾ!” ಎಂದು ಅವನು ಕೂಗಿದರೆ ಪಕ್ಕದ ಮನೆಯ ಮಕ್ಕಳು ಕಣ್ಣು ಬಿಟ್ಟು ನೋಡುತ್ತಿದ್ದರು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಆಯಿ ಮನೆಯ ಹಿಂದಿನ ಡೆಕ್ಕಿನ ಮರದ ಹಾಸಿನ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು. ಗಿರಿ ಕೆಳಗೆ ಅವಳ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದ. ಇದ್ದಕ್ಕಿದ್ದಂತೆ ಆಕಾಶ ಕಪ್ಪಾಗಿ, ಮೊದಲು ಆಲಿಕಲ್ಲು, ಹಿಂದೆಯೇ ಮಳೆ. ನಾನು ಅಂಥ ಮಳೆಯನ್ನು ಅದುವರೆಗೆ ಕಂಡಿರಲಿಲ್ಲ. ಆಯಿ, ನಾನು ಸೀರೆಯ ನಾಲ್ಕೂ ಚುಂಗು ಹಿಡಿದು ಸಂಡಿಗೆ ಒಳಗೆ ತಂದೆವು. ಮೇಲಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತೆವು. ಮರಗಳ ಕಡೆಯಿಂದ ಲಾರಿ ಹೋದಂಥ ಸದ್ದು ಬರುತ್ತಿತ್ತು. ಬೇಲಿ ಕಾಣಿಸುತ್ತಿತ್ತು, ನೋಡನೋಡುತ್ತಿದ್ದಂತೆ ಕಾಣಿಸದಾಯಿತು. ಹಿತ್ತಿಲಿನ ತುಂಬ ಕಂದು ನೀರು, ಅದರ ಮೇಲೆ ಯಾರದೋ ಪ್ಲಾಸ್ಟಿಕ್ ಕುರ್ಚಿ ತೇಲುತ್ತ ಬರುತ್ತಿತ್ತು.

“ಗಿರಿ ಎಲ್ಲಿ?” ಎಂದಳು ಆಯಿ.

“ಕೆಳಗ ಮಲಗ್ಯಾನಲ್ಲ ಆಯಿ.”

ಆಯಿಗೆ ಮೊಣಕಾಲು ನೋವು. ಮೆಟ್ಟಿಲನ್ನು ಒಂದೊಂದೇ, ಗೋಡೆ ಹಿಡಿದು ಇಳಿಯುವವಳು. ಅವತ್ತು ಹೇಗೆ ಇಳಿದಳೋ. ನಾನು ಮೇಲಿನ ಬಾಗಿಲಲ್ಲಿ ನಿಂತು ನೋಡಿದೆ. ನೆಲದ ಡ್ರೈನಿನಿಂದ ನೀರು ಗುಳುಗುಳು ಉಕ್ಕುತ್ತಿತ್ತು. ಆಯಿಯ ಚಪ್ಪಲಿ ತೇಲುತ್ತಿದ್ದವು. ಗಿರಿ ಎದ್ದು ಒದ್ದೆ ಚಾಪೆಯ ಮೇಲೆ ನಿಂತು ಅಳುತ್ತಿದ್ದ. ಅವಳು ಅವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡದ್ದೇ, ನೆಲಮಟ್ಟದ ಸಣ್ಣ ಕಿಟಕಿ ಚೌಕಟ್ಟಿನ ಸಮೇತ ಕಳಚಿಬಿತ್ತು. ಹಳ್ಳ ಒಳಗೆ ಬಂತು. ದೀಪ ಆರಿತು.

“ವಿದ್ಯಾ, ಕೆಳಗ ಬರಬ್ಯಾಡ! ಅಲ್ಲೇ ನಿಂದರು! ಕೈ ಚಾಚು!”

ಮಬ್ಬು ಬೆಳಕಿನಲ್ಲಿ ಅವಳು ಮೆಟ್ಟಿಲ ಕಡೆಗೆ ಬರುವುದು ಕಾಣುತ್ತಿತ್ತು. ಒಂದು ಸಲ ಜಾರಿದಳು. ಆದರೆ ಗಿರಿಯನ್ನು ನೀರಿಗೆ ಮುಟ್ಟಗೊಡಲಿಲ್ಲ. ಅವನನ್ನು ನನ್ನ ತೋಳಿಗೆ ದಾಟಿಸಿ, ಆಮೇಲೆ ಕೈಕಾಲು ಊರಿ ಮೇಲೆ ಹತ್ತಿದಳು. ಮೂವರೂ ಮುಂಬಾಗಿಲಿನ ಕಟ್ಟೆಯ ಮೇಲೆ ಕೂತೆವು. ರಸ್ತೆ ಎತ್ತರದಲ್ಲಿತ್ತು, ಅಲ್ಲಿಗೆ ನೀರು ಬರಲಿಲ್ಲ. ಅವ್ವ ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಆಯಿ ಗಿರಿಯನ್ನು ಅವಳ ಕೈಗೆ ಕೊಟ್ಟು, “ಕೂಸಿಗೆ ಏನೂ ಆಗಿಲ್ಲವ್ವ” ಎಂದು ಮತ್ತೆ ಮತ್ತೆ ಹೇಳಿದಳು.

ನೀರು ಇಳಿದ ಮೇಲೆ ಉಳಿದದ್ದು ಕೆಸರು, ಚರಂಡಿಯ ನಾತ. ಆಯಿಯ ಮಂಚ, ಬಟ್ಟೆ, ಕೌದಿ, ದೇವರ ಫೋಟೋ, ಊರಿಂದ ತಂದಿದ್ದ ಚಟ್ನಿಪುಡಿಯ ಡಬ್ಬಿಗಳು ಎಲ್ಲವನ್ನೂ ಅಪ್ಪ ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ರಸ್ತೆ ಬದಿಗಿಟ್ಟ. ಆಯಿ ಕಿಟಕಿಯಿಂದ ನೋಡುತ್ತ ಕೂತಿದ್ದಳು.

ಅಪ್ಪನಿಗೆ ಧೈರ್ಯ ಇತ್ತು. “ಇನ್ಶೂರೆನ್ಸ್ ಐತಿ, ಎಲ್ಲಾ ಹೊಸದಾಗಿ ಮಾಡಿಸೂನು” ಎನ್ನುತ್ತಿದ್ದ. ಕೊನೆಗೆ ಇನ್ಶೂರೆನ್ಸಿನವನು ಬಂದ. ರಬ್ಬರ್ ಬೂಟು ಹಾಕಿಕೊಂಡು ಕೆಳಗಿಳಿದು, ಕಿಟಕಿ ನೋಡಿ, ಗೋಡೆಯ ಮೇಲಿನ ಕೆಸರಿನ ಗೆರೆ ನೋಡಿ ಮೇಲೆ ಬಂದ. ಕೆಟ್ಟ ಮನುಷ್ಯನಲ್ಲ. ಅಪ್ಪನ ಜೊತೆ ಮೆತ್ತಗೆ, ತುಂಬ ಹೊತ್ತು ಮಾತಾಡಿದ. ಅಪ್ಪನ ಮುಖ ಇಳಿಯುತ್ತ ಹೋಯಿತು.

“ಏನಂತಾನ ಅಂವಾ?” ಆಯಿ ನನ್ನನ್ನು ಕೇಳಿದಳು.

ಅರ್ಥವಾದಷ್ಟನ್ನು ಹೇಳಿದೆ. “ಮನಿಯೊಳಗಿನ ಪೈಪ್ ಒಡದು ನೀರು ಬಂದ್ರ ಕೊಡತಾರಂತ. ಡ್ರೈನಿನಿಂದ ಬಂದ್ರ, ಅದಕ್ಕ ಬ್ಯಾರೆ ಇನ್ಶೂರೆನ್ಸ್ ತಗೋಬೇಕಿತ್ತಂತ. ಹಳ್ಳದಿಂದ ಬಂದ್ರ ಯಾರೂ ಕೊಡೂದಿಲ್ಲಂತ. ಮನಿಗೆ ಅಂಥಾ ಇನ್ಶೂರೆನ್ಸೇ ಇಲ್ಲಂತ.”

“ನೀರಿಗೂ ಜಾತಿ ಹಚ್ಯಾರೇನು ಇಲ್ಲಿ?” ಎಂದಳು ಆಯಿ.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ತೊರೆ, ನದಿಗಳ ಉಸ್ತುವಾರಿ ನೋಡುವ ಕಚೇರಿಗೆ ಒಂದು ದಿನ ರಜೆ ಹಾಕಿ ಹೋದ, ನನ್ನನ್ನೂ ಕರೆದುಕೊಂಡು. ಕೌಂಟರಿನಲ್ಲಿದ್ದ ಹೆಂಗಸು ದೊಡ್ಡ ನಕ್ಷೆಯೊಂದನ್ನು ಬಿಡಿಸಿದಳು. ನಮ್ಮ ತೊರೆಯ ಎರಡೂ ಬದಿಗೆ ಅಗಲವಾಗಿ ನೀಲಿ ಬಣ್ಣ ತುಂಬಿತ್ತು. ದೊಡ್ಡ ಮಳೆಯಾದರೆ ನೀರು ಎಲ್ಲಿಯವರೆಗೆ ಏರಬಹುದು ಅನ್ನುವುದರ ಗುರುತು ಅದು. ನಮ್ಮ ಹಿತ್ತಿಲು, ಡೆಕ್ಕು, ಆಯಿಯ ಅಡುಗೆಮನೆ ಎಲ್ಲ ನೀಲಿಯೊಳಗೆ. ರಸ್ತೆ ಮಾತ್ರ ಹೊರಗೆ. ಯಾರು ಬೇಕಾದರೂ ಬಂದು ನೋಡಬಹುದಾದ ನಕ್ಷೆ. ಅಪ್ಪ ಅದರ ಮೇಲೆ ಬೆರಳಿಟ್ಟು ತುಂಬ ಹೊತ್ತು ನಿಂತಿದ್ದ.

“ಮನಿ ತಗೊಳ್ಳೂವಾಗ ಒಬ್ಬರರ ಹೇಳಬಾರದಿತ್ತೇನ್ರಿ?” ಎಂದು ಅವ್ವ ಅತ್ತಳು.

“ಕೇಳಿದ್ರ ಹೇಳತಿದ್ರು. ಕೇಳಬೇಕಂತ ನಮಗ ಗೊತ್ತಿರಲಿಲ್ಲ” ಎಂದ ಅಪ್ಪ.

ಬೇಸ್‌ಮೆಂಟನ್ನು ಅಪ್ಪ ತಾನೇ ದುರಸ್ತಿ ಮಾಡಲು ಹೊರಟ. ಕೆಲಸದಿಂದ ಬಂದು ಗೋಡೆಯ ಹಲಗೆ ಕಿತ್ತು ಹಾಕುತ್ತಿದ್ದ. ಅವುಗಳ ಹಿಂದೆಲ್ಲ ಕರಿ ಬೂಷ್ಟು. ಆಯಿ ಮೇಲೆ ನಮ್ಮ ಕೋಣೆಯಲ್ಲಿ ಮಲಗತೊಡಗಿದಳು. ನಮಗದು ಹಬ್ಬ. ಆದರೆ ಚಳಿ ಶುರುವಾಗಿ, ಮನೆ ಬೆಚ್ಚಗಿಡುವ ಫರ್ನೇಸ್ ಹಾಕಿದ ಕೂಡಲೇ ಕೆಳಗಿನ ಆ ವಾಸನೆ ಗಾಳಿಕಿಂಡಿಗಳಿಂದ ಮನೆ ತುಂಬ ಹರಡಿತು. ಆಯಿಗೆ ಉಬ್ಬಸ ಹಿಡಿಯಿತು. ಈ ಮನೆಯಲ್ಲಿ ಅವರು ಚಳಿಗಾಲ ಕಳೆಯಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಮನೆ ಮಾರೋಣವೆಂದರೆ ನೀರು ಹೊಕ್ಕ ಮನೆಯನ್ನು ಕೇಳುವವರಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಕಾಕಾ ಫೋನ್ ಮಾಡಿ, “ಅವ್ವನ್ನ ಕಳಸು, ನಾ ನೋಡ್ಕೋತೀನಿ” ಎಂದ.

ಏರ್‌ಪೋರ್ಟಿನಲ್ಲಿ ಅಪ್ಪ ಆಯಿಯ ಕಾಲಿಗೆ ಬಿದ್ದ. “ಮನಿ ಒಣಗಿದ ಮ್ಯಾಲೆ ಕರಸ್ಕೋತೀನವ್ವ.”

“ಒಣಗತೈತಿ ತಗೋ, ನೀರೇನು ಕಾಯಂ ಇರತೈತಿ?” ಎಂದು ಆಯಿಯೇ ಅವನಿಗೆ ಸಮಾಧಾನ ಹೇಳಿದಳು. ಗಿರಿ ಅವಳ ಸೆರಗು ಬಿಡಲಿಲ್ಲ. “ಆಯಿ, ನಾನೂ ಬರತೇನಿ, ನಾನೂ ಬರತೇನಿ” ಎಂದು ಅತ್ತು ಅತ್ತು, ಅವ್ವ ಅವನ ಬೆರಳುಗಳನ್ನು ಬಿಡಿಸಬೇಕಾಯಿತು.

ಅವನನ್ನು ಡೇಕೇರಿಗೆ ಸೇರಿಸಿದರು. ಮೊದಮೊದಲು ಅಲ್ಲಿ ಬಾಯೇ ಬಿಡುತ್ತಿರಲಿಲ್ಲವಂತೆ. ಆಮೇಲೆ ಬಿಟ್ಟ, ಇಂಗ್ಲಿಷಿನಲ್ಲಿ. ಭಾನುವಾರದ ಫೋನಿನಲ್ಲಿ ಆಯಿ, “ಗಿರಿಗೆ ಕೊಡು” ಎನ್ನುತ್ತಿದ್ದಳು. ಮೊದಲು ಅವನು ಹಳ್ಳದ ಸುದ್ದಿ, ಹಿಮದ ಸುದ್ದಿ ಹೇಳುತ್ತಿದ್ದ. ಬರಬರುತ್ತ “ಹೂಂ” ಅಷ್ಟೇ. ಮುಂದಿನ ಬೇಸಿಗೆಯ ಹೊತ್ತಿಗೆ ರಿಸೀವರ್ ಅವ್ವನ ಕೈಗೆ ಕೊಟ್ಟು, “ಐ ಡೋಂಟ್ ನೋ ವಾಟ್ ಶೀ ಈಸ್ ಸೇಯಿಂಗ್” ಎಂದು ಆಡಲು ಓಡಿದ. ಆ ಕಡೆಯಿಂದ ಆಯಿ ಕೇಳುತ್ತಲೇ ಇದ್ದಳು, “ಏನಂದ? ಏನಂದ ನನ ಕೂಸು?” ಅವ್ವ, “ಆರಾಮ ಇದ್ದೀನಿ ಅಂದ್ರಿ, ಅತ್ತಿ” ಎಂದಳು.

ಆ ವರ್ಷದ ಕೊನೆಗೆ ಹುಬ್ಬಳ್ಳಿಯಲ್ಲಿ ಆಯಿ ತೀರಿಕೊಂಡಳು. ಅಪ್ಪ ಒಬ್ಬನೇ ಹೋಗಿ ಬಂದ. ಬೇಸ್‌ಮೆಂಟಿಗೆ ಬಣ್ಣ ಬಳಿಯುವುದೊಂದೇ ಬಾಕಿಯಿತ್ತು. ಅದನ್ನು ಅವನು ಮತ್ತೆ ಕೈಗೆತ್ತಿಕೊಳ್ಳಲೇ ಇಲ್ಲ.

ಈಗ ಕಾಲ ಬದಲಾಗಿದೆ. ಹಳ್ಳ ಉಕ್ಕಿ ಬಂದ ನೀರಿಗೂ ಇನ್ಶೂರೆನ್ಸ್ ಸಿಗುತ್ತದೆ, ಎಲ್ಲ ಮನೆಗಳಿಗಲ್ಲ, ಬೇರೆಯಾಗಿ ಕೇಳಿದರೆ. ಹೋದ ವರ್ಷ ಗಿರಿ ಮನೆ ಕೊಳ್ಳಲು ಹೊರಟಾಗ ನಾನು ಅವನ ಪಕ್ಕ ಕೂತು ರಿಚ್ಮಂಡ್ ಹಿಲ್‌ನ ಆ ಬೀದಿಯ ನೆರೆ ನಕ್ಷೆ ತೆಗೆದು ತೋರಿಸಿದೆ. ಡ್ರೈನಿನ ನೀರು ಹಿಂದಕ್ಕೆ ಬರದಂತೆ ವಾಲ್ವ್ ಇದೆಯಾ ನೋಡು, ಪಾಲಿಸಿಯಲ್ಲಿ ಯಾವ ಯಾವ ನೀರು ಸೇರಿದೆ ಎಂದು ಒಂದೊಂದಾಗಿ ಕೇಳು ಎಂದೆ. ಅವನು ಶ್ರದ್ಧೆಯಿಂದ ಕೇಳಿಸಿಕೊಂಡ. ಆಮೇಲೆ ಆ ಮಧ್ಯಾಹ್ನದ ಮಾತು ತೆಗೆದೆ. ಕತ್ತಲು, ಯಾರೋ ತನ್ನನ್ನು ಬಿಗಿಯಾಗಿ ಹಿಡಿದುಕೊಂಡದ್ದು, ಅಷ್ಟೇ ನೆನಪು ಎಂದ, ಇಂಗ್ಲಿಷಿನಲ್ಲಿ. ಹಿಡಿದವಳ ಮುಖ ನೆನಪಿಲ್ಲ. ಅವಳ ದನಿ ನೆನಪಿಲ್ಲ. ನೀನೂ ಒಂದು ಕಾಲಕ್ಕೆ ಅವಳ ಹಾಗೆಯೇ ಮಾತಾಡುತ್ತಿದ್ದೆ ಎಂದರೆ ನಂಬಲು ಅವನಿಂದ ಆಗಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಹೆಗಲು ತಟ್ಟಿ, “ಥ್ಯಾಂಕ್ಸ್, ಅಕ್ಕಾ” ಎಂದ.

ಅವನಲ್ಲಿ ಉಳಿದಿರುವ ಕನ್ನಡ ಅದೊಂದೇ ಶಬ್ದ.