ಯಾವ ತಾಯಿಯ ಮರಿ

ಇಲಿ ಸಾಕುವುದಕ್ಕೂ ಸಂಬಳ ಕೊಡುತ್ತಾರೆಂದರೆ ಕಾಶವ್ವನ ಊರಿನವರು ನಂಬಲಿಲ್ಲ. ಬಾಗಲಕೋಟೆ ಕಡೆಯ ಕುರಿಗಾರರ ಮಗಳು ಆಕೆ. ಗಂಡ ತೀರಿಕೊಂಡ ಮೇಲೆ ಅಮೃತಹಳ್ಳಿಯಲ್ಲಿ ಕೋಣೆ ಹಿಡಿದು, ಜಕ್ಕೂರಿನ ಹತ್ತಿರದ ಸಂಶೋಧನಾಲಯದ ಇಲಿಮನೆಗೆ ಕೆಲಸಕ್ಕೆ ಸೇರಿದಳು. ಪಂಜರ ತೊಳೆಯುವುದು, ಅದರಲ್ಲಿ ಹಾಸಿದ ಹೊಟ್ಟು ಬದಲಿಸುವುದು, ನೀರು ತುಂಬುವುದು. ಬೇಡವಾದ ಇಲಿಗಳನ್ನು ಗ್ಯಾಸಿನ ಡಬ್ಬಿಗೆ ಹಾಕಿ ಕೊಲ್ಲುವುದೂ ಅವಳ ಪಾಲಿಗೇ. ಅಂಥ ದಿನ ಮಾತ್ರ ಬುತ್ತಿ ಬಿಚ್ಚುತ್ತಿರಲಿಲ್ಲ.

ಇಲಿಗಳು ಯಲಹಂಕದ ಹುಡುಗಿ ಶಿಲ್ಪಳ ಪಿಎಚ್‌ಡಿಗಾಗಿ. ಒಂದು ತಳಿಯಲ್ಲಿ ಬಿಳಿ ಮೈಯ ಜೊತೆಗೆ ನಡುಕದ ಕಾಯಿಲೆಯೂ ಅಂಟಿಕೊಂಡು ಬರುತ್ತಿತ್ತು. ಎರಡರ ಜೀನ್‌ಗಳೂ ಅಕ್ಕಪಕ್ಕ ಇರಬೇಕೆಂದು ಊಹೆ. ಆ ತಳಿಯನ್ನು ಕರಿ ಇಲಿಗಳೊಂದಿಗೆ ಕೂಡಿಸಿ, ಹುಟ್ಟಿದವನ್ನು ಮತ್ತೆ ಕಾಯಿಲೆಯ ಬಿಳಿ ಇಲಿಗಳೊಂದಿಗೆ ಕೂಡಿಸಿ, ಬಿಳುಪು-ನಡುಕದ ಜೋಡಿ ಮುರಿದ ಮರಿಯನ್ನು ಹುಡುಕಬೇಕು. ಬಿಳಿ ಮೈಯಿದ್ದೂ ನಡುಕವಿಲ್ಲದ ಮರಿ ಎಷ್ಟು ಅಪರೂಪವೋ ಜೀನ್‌ಗಳು ಅಷ್ಟು ಹತ್ತಿರ. ಅಂಥ ಮರಿಗಾಗಿ ಶಿಲ್ಪ ವರ್ಷಗಟ್ಟಲೆ ಕಾದಿದ್ದಳು.

2014ರ ಬೇಸಿಗೆಯಲ್ಲಿ ಸಿಕ್ಕವು, ಒಂದೇ ಪಂಜರದಲ್ಲಿ ಮೂರು. ಶಿಲ್ಪ ಕುಣಿದಾಡಿ ಕಾಶವ್ವನಿಗೆ ಪೇಡ ತಿನ್ನಿಸಿದಳು. ಈ ಲೆಕ್ಕಾಚಾರವನ್ನೆಲ್ಲ ಬಿಡಿಸಿ ಹೇಳಿದ್ದೂ ಅವತ್ತೇ. ಕೆಲಸ ಹೇಳುವವರಿಗೆ ಕಾರಣ ಹೇಳುವ ಬುದ್ಧಿ ಬರುವುದು ಯಾವಾಗಲೂ ತಡವಾಗಿ.

ಕಾಶವ್ವ ಉಳಿದ ಅರ್ಧ ಪೇಡವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಕೆಲವು ವಾರಗಳ ಹಿಂದೆ ಪಕ್ಕದ ಸಾಲಿನಲ್ಲಿ ಕಾಯಿಲೆಯಿಲ್ಲದ ತಳಿಯ ಬಿಳಿ ಇಲಿಯೊಂದು ಹೆತ್ತು ಸತ್ತಿತ್ತು. ತಬ್ಬಲಿ ಕುರಿಮರಿಯನ್ನು ಬೇರೆ ಕುರಿಯ ಮೊಲೆಗೆ ಬಿಡುವುದು ಅವಳು ಹುಟ್ಟಿನಿಂದ ಕಂಡ ಪದ್ಧತಿ. ಅದರ ಕೂದಲು ಬರದ ಮೂರು ಮರಿಗಳಿಗೆ ಶಿಲ್ಪಳ ಪಂಜರದ ಹೊಟ್ಟು ಸವರಿ, ವಾಸನೆ ಹತ್ತಿಸಿ, ಅಲ್ಲಿನ ತಾಯಿಗೆ ಬಿಟ್ಟಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಅವತ್ತಿಗೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಶಿಲ್ಪಾ ಬಾಯಾರ, ಆ ಮರಿ ಈ ತಾಯಿವು ಅಲ್ರಿ. ನಾನೇ ತಂದು ಹಾಕೀನ್ರಿ.”

ಶಿಲ್ಪ ಪೇಡದ ಪೊಟ್ಟಣ ಕೆಳಗಿಟ್ಟಳು. “ಬೇರೆ ಪಂಜರಕ್ಕೂ ಹಿಂಗೇ ಹಾಕಿದ್ರಾ ಕಾಶವ್ವ?”

“ಹಾಕೀನ್ರಿ. ಯಾವ್ಯಾವುದಕ್ಕ ಅಂತ ನೆನಪಿಲ್ರಿ. ಹಸ್ತು ಒದ್ದಾಡತಿದ್ವು, ನೋಡಾಕ ಆಗಲಿಲ್ರಿ.”

“ನನ್ ಮನೆ ಹಾಳ್ಮಾಡ್ಬಿಟ್ರಲ್ಲ!” ಶಿಲ್ಪ ನೆಲದ ಮೇಲೆ ಕುಳಿತು ಅತ್ತಳು.

ಕೆಲಸ ಹೋಯಿತೆಂದೇ ಕಾಶವ್ವ ಗಂಟುಮೂಟೆ ಕಟ್ಟಿದ್ದಳು. ಕೆಲಸ ಹೋಗಲಿಲ್ಲ. ಮೇಲಧಿಕಾರಿ ವೆಂಕಟೇಶಪ್ಪ ಗದರಲೂ ಇಲ್ಲ, ಗದರಿದ್ದರೆ ವಾಸಿಯಿತ್ತು. ಯಾವುದು ಯಾರ ಮರಿಯೆಂದು ತಿಳಿಯದ ಮೇಲೆ ಆ ಕೋಣೆಯ ಇಲಿಗಳು ಯಾವುದಕ್ಕೂ ಬಾರವು, ಎಲ್ಲವನ್ನೂ ಮುಗಿಸಿ ಎಂದರು. ಮುಗಿಸುವವರು ಯಾರೆಂದು ಹೇಳಬೇಕಾಗಿರಲಿಲ್ಲ.

ಕಾಶವ್ವ ಒಂದೊಂದೇ ಪಂಜರ ಬರಿದು ಮಾಡುತ್ತ ಬಂದಳು. ಆ ಮೂರನ್ನು ಕೊನೆಗೆ ಉಳಿಸಿಕೊಂಡು, ಸಾಕುತಾಯಿಯ ಜೊತೆಗೇ ಡಬ್ಬಿಗೆ ಬಿಟ್ಟಳು. ಅವಳು ಮುಚ್ಚಳ ಹಾಕುವಾಗ ಅವು ಹೆದರಿ ಆ ತಾಯಿಯ ಅಡಿಗೆ ನುಗ್ಗುತ್ತಿದ್ದವು.