ಅಜ್ಜಿ ಜಾಲಿಸಿದ ಮರಳು

ಮೊನ್ನೆ ಆ ಹಸಿರು ಪ್ಲಾಸ್ಟಿಕ್ ತಟ್ಟೆಯ ಫೋಟೋ ಹಾಕಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: ನದಿಯಲ್ಲಿ ಚಿನ್ನ ಹುಡುಕುವುದನ್ನು ಶುರು ಮಾಡುವುದು ಹೇಗೆ? ನೇರವಾಗಿ ಹೇಳಿಬಿಡುತ್ತೇನೆ. ಇಂಥದ್ದೊಂದು ತಟ್ಟೆ, ಒಂದು ಸಣ್ಣ ಸಲಿಕೆ, ಸಿಕ್ಕಿದ್ದನ್ನು ಹಾಕಿಡಲು ಬೆರಳುದ್ದದ ಗಾಜಿನ ಸೀಸೆ, ತಣ್ಣೀರಿಗೆ ಹೆದರದ ಮಂಡಿ. ಸಾಹುಕಾರರಾಗುವ ಆಸೆ ಇದ್ದರೆ ಮನೆಯಲ್ಲೇ ಇರಿ, ಹೋಗಿಬಂದ ಪೆಟ್ರೋಲಿನ ದುಡ್ಡೂ ಹುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಇದು ಶುರುವಾದದ್ದು ಬೇರೆ ಕಾರಣಕ್ಕೆ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಹನ್ನೆರಡು. ಅಪ್ಪನ ಆಫೀಸು ಸ್ಯಾನ್ ಹೊಸೆಯಿಂದ ಸ್ಯಾನ್ ರಮೋನ್‌ಗೆ ಬಂತು, ಅದರ ಹಿಂದೆ ನಾವೂ ಬಂದೆವು. ಆ ವರ್ಷ ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಕೋಲಾರದ ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದಳು. ತಾತ ಆಗಲೇ ತೀರಿಕೊಂಡಿದ್ದರು. ಅಲ್ಲಿಯ ಚಿನ್ನದ ಗಣಿಯೊಳಗೆ ಇಳಿದು ಸುರಂಗಕ್ಕೆ ಮರದ ಆಸರೆ ಕಟ್ಟುವ ಕೆಲಸ ಅವರದು. ಪಾಳಿ ಮುಗಿಸಿ ಮೇಲೆ ಬಂದರೆ ಗೇಟಿನಲ್ಲಿ ದಿನಾ ಜಡ್ತಿ. ಜೇಬು ನೋಡುತ್ತಿದ್ದರು, ಊಟದ ಡಬ್ಬಿ ನೋಡುತ್ತಿದ್ದರು, ಕೆಲವು ದಿನ ಬಾಯಿ ತೆರೆಸಿಯೂ ನೋಡುತ್ತಿದ್ದರಂತೆ. ಜೀವನವಿಡೀ ಚಿನ್ನದ ನಡುವೆ ಓಡಾಡಿದ ಮನುಷ್ಯ ಹೆಂಡತಿಗೆ ಒಂದು ಚೂರೂ ತಂದುಕೊಡಲಿಲ್ಲ. ಅಜ್ಜಿಯ ಕಿವಿಯ ಓಲೆ ಕೂಡ ಅವಳ ತವರಿನದು.

ಒಂದು ಸಂಜೆ ಅಪ್ಪ ಆಫೀಸಿನಿಂದ ಈ ಹಸಿರು ತಟ್ಟೆ ಹಿಡಿದುಕೊಂಡು ಬಂದರು. ಪಕ್ಕದ ಟೇಬಲ್ಲಿನವನು ಕೊಟ್ಟದ್ದು.

"ಬೆಟ್ಟದ ಕಡೆ ನದೀಲಿ ಚಿನ್ನ ಸಿಗತ್ತಂತೆ ಕಣೇ," ಅಂದರು ಅಮ್ಮನಿಗೆ. "ಕೆಲವು ಜಾಗದಲ್ಲಿ ಕೈಯಲ್ಲಿ ತಟ್ಟೆ ಹಿಡ್ಕೊಂಡು ಹುಡುಕಿದ್ರೆ ಯಾರೂ ಕೇಳಲ್ವಂತೆ. ಸಿಕ್ಕಿದ್ದು ನಮ್ದೇ."

"ಮಾಲಲ್ಲೂ ಸಿಗತ್ತೆ ರೀ ಚಿನ್ನ. ಅಲ್ಲಿ ಎಸಿ ಬೇರೆ ಇರತ್ತೆ."

"ಕೊಂಡಿದ್ದಲ್ಲ. ಅಮ್ಮ ಊರಿಗೆ ಹೋಗೋದ್ರೊಳಗೆ ನಾನೇ ಎತ್ತಿದ್ದು ಒಂದು ಚೂರು ಅವಳ ಕೈಗೆ ಹಾಕ್ಬೇಕು. ಒಂದೇ ಚೂರು."

ಅಮ್ಮ ಆಮೇಲೆ ತಮಾಷೆ ಮಾಡಲಿಲ್ಲ. ಚಿತ್ರಾನ್ನ ಕಟ್ಟಿಕೊಟ್ಟಳು.

ಮೂರು ಶನಿವಾರ ಅಪ್ಪ, ನಾನು ಇಬ್ಬರೇ ಹೋದೆವು. 680 ಹೆದ್ದಾರಿ ಹಿಡಿದು ಉತ್ತರಕ್ಕೆ, ಸ್ಯಾಕ್ರಮೆಂಟೊ ದಾಟಿ ಬೆಟ್ಟದ ತಪ್ಪಲಿಗೆ, ಎರಡೂವರೆ ಗಂಟೆ ಡ್ರೈವು. ಮೊದಲನೇ ಶನಿವಾರ ನದಿಯ ನಡುವಿನ ಮರಳನ್ನೇ ಅಗೆದೆವು, ಶುದ್ಧ ದಡ್ಡತನ. ಚಿನ್ನ ಭಾರ, ನೀರು ಎಲ್ಲಿ ಸುಸ್ತಾಗುತ್ತದೋ ಅಲ್ಲಿ ಕೂರುತ್ತದೆ: ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಬೆನ್ನು, ತಳದ ಕಲ್ಲಿನ ಬಿರುಕು. ಇದನ್ನು ಯಾರೋ ಮುದುಕ ಹೇಳಿಕೊಟ್ಟದ್ದು ಎರಡನೇ ಶನಿವಾರ. ಮೂರನೇ ಶನಿವಾರ ಜಾಗ ಸರಿ ಇತ್ತು, ಅಪ್ಪನ ಕೈ ಸರಿ ಇರಲಿಲ್ಲ. ತಟ್ಟೆಯನ್ನು ನೀರಿನಲ್ಲಿ ಎಷ್ಟು ಜೋರಾಗಿ ಆಡಿಸುತ್ತಿದ್ದರೆಂದರೆ ಮರಳಿನ ಜೊತೆ ಎಲ್ಲವೂ ಹೊರಟುಹೋಗುತ್ತಿತ್ತು. ವಾಪಸ್ ಬರುವಾಗ ರೇಡಿಯೋ ಕೂಡ ಹಾಕಲಿಲ್ಲ.

ಅಜ್ಜಿಯ ವಿಮಾನ ಗುರುವಾರ. ಅದರ ಹಿಂದಿನ ಶನಿವಾರ ಅವಳೂ ಹೊರಟಳು, ಅಮ್ಮನೂ ಹೊರಟಳು. ಅಜ್ಜಿಗೆ ಕೊನೇ ಅವಕಾಶದ ವಿಷಯವೆಲ್ಲ ಗೊತ್ತಿರಲಿಲ್ಲ. ಮಗ ನದಿಯಲ್ಲಿ ಆಡಲು ಹೋಗುತ್ತಾನೆ ಎಂದಷ್ಟೇ ಗೊತ್ತು. ಒಂಬತ್ತು ಗಜದ ಸೀರೆಗೆ ನನ್ನ ಹಳೇ ಸ್ನೀಕರ್ಸ್ ಹಾಕಿಕೊಂಡಿದ್ದಳು.

ಅಪ್ಪ ಊಟದ ಚಮಚ ಹಿಡಿದು ಒಂದು ಬಿರುಕಿನೊಳಗಿನ ಜಲ್ಲಿ, ಮಣ್ಣನ್ನೆಲ್ಲ ಕೆರೆದು ಕೆರೆದು ತಟ್ಟೆಗೆ ತುಂಬಿದರು. ಅದಕ್ಕೇ ಎರಡು ಗಂಟೆ ಹಿಡಿಯಿತು. ತೊಳೆಯಲು ಶುರು ಮಾಡಿದರೋ ಇಲ್ಲವೋ, ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

"ಏನೋ ಅದು, ಎಮ್ಮೆ ಮೈ ತೊಳ್ದಂಗೆ? ಅಕ್ಕಿ ಜಾಲಿಸೋದು ನೋಡಿಲ್ವಾ ನೀನು ಯಾವತ್ತೂ? ಕೊಡಿಲ್ಲಿ."

ಈಗಿನವರಿಗೆ ಅಕ್ಕಿ ಜಾಲಿಸುವುದು ಗೊತ್ತಿರಲಿಕ್ಕಿಲ್ಲ. ಆಗ ಅಕ್ಕಿಯಲ್ಲಿ ಕಲ್ಲು ಇರುತ್ತಿತ್ತು. ಅಗಲ ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ತೂಗಿದರೆ ಅಕ್ಕಿ ನೀರಿನ ಜೊತೆ ಮೇಲಿಂದ ಜಾರುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಚಿನ್ನ ತೊಳೆಯುವುದೂ ಅದೇ. ಅಜ್ಜಿಯ ಮಣಿಕಟ್ಟು ಆಡಿದ್ದೇ ಕಾಣಲಿಲ್ಲ, ತಟ್ಟೆ ಮಾತ್ರ ತೂಗುತ್ತಿತ್ತು. ಜಲ್ಲಿ ಹೋಯಿತು, ಬಿಳಿ ಮರಳು ಹೋಯಿತು, ತಳದಲ್ಲಿ ಒಂದು ಹಿಡಿ ಕಪ್ಪು ಮರಳು ಉಳಿಯಿತು. ಅದರ ಅಂಚಿನಲ್ಲಿ ಹಳದಿಯದೇನೋ ಮಿಣುಕ್ ಎಂದಿತು. ನಾನೂ ನೋಡಿದೆ, ಅಪ್ಪನೂ ನೋಡಿದರು.

"ಅಮ್ಮ, ಹಂಗೇ ಹಿಡ್ಕೊಂಡಿರು. ಅಲ್ಲಾಡಬೇಡ," ಎಂದು ಅಪ್ಪ ಸೀಸೆ ತರಲು ದಡದ ಮೇಲಿನ ಬ್ಯಾಗಿನ ಕಡೆ ಓಡಿದರು. ನಾನೂ ಹಿಂದೆ ಓಡಿದೆ.

ವಾಪಸ್ ಬಂದರೆ ತಟ್ಟೆ ಕನ್ನಡಿಯ ಹಾಗೆ ಲಕಲಕ ಎನ್ನುತ್ತಿತ್ತು.

"ಕಲ್ಲೆಲ್ಲಾ ಚೆಲ್ಬಿಟ್ಟೆ," ಅಂದಳು ಅಜ್ಜಿ. "ತೊಳ್ದೂ ಇಟ್ಟಿದೀನಿ ನೋಡು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಅಲ್ಲೇ ನೀರಿನಲ್ಲಿ ಕುಕ್ಕರಿಸಿದರು, ಪ್ಯಾಂಟು ಸೊಂಟದವರೆಗೂ ಒದ್ದೆ.

"ಅಮ್ಮ, ಇಲ್ಲಿ ಬೇಕಿರೋದೇ ಕಲ್ಲು. ಚೆಲ್ಲಬೇಕಿರೋದು ಅಕ್ಕಿ."

"ಮೊದ್ಲೇ ಬೊಗಳೋಕಾಗಲ್ವೇನೋ?" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಅದ್ರಲ್ಲಿ ಇತ್ತಾ?"

"ಇರ್ಲಿಲ್ಲ ಬಿಡು," ಅಂದರು ಅಪ್ಪ.

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಅಜ್ಜಿ ಅವರ ಮುಖ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಯಾತಕ್ಕೆ ಬೇಕಿತ್ತಂತೆ ಇವ್ನಿಗೆ ಅದು?"

"ಟು ಗಿವ್ ಯೂ," ಅಂದೆ. ಆಗ ನನಗೆ ಅರ್ಜೆಂಟಿನಲ್ಲಿ ಇಂಗ್ಲಿಷೇ ಬರುತ್ತಿದ್ದದ್ದು. ಅಮ್ಮ ಕನ್ನಡದಲ್ಲಿ ಹೇಳಿದಳು: "ನಿಮಗೆ ಕೊಡೋಕೆ, ಅತ್ತೆ. ಮಾವ ತರೋಕಾಗ್ಲಿಲ್ವಲ್ಲ, ಅದಕ್ಕೆ."

ಅಜ್ಜಿ ಕಚ್ಚೆಯನ್ನು ಇನ್ನಷ್ಟು ಮೇಲಕ್ಕೆ ಸಿಕ್ಕಿಸಿ, ಸ್ನೀಕರ್ಸ್ ಸಮೇತ ನೀರಿಗೆ ಇಳಿದಳು. ತಾನು ತಟ್ಟೆ ಬಗ್ಗಿಸಿದ್ದ ಜಾಗ, ಬಂಡೆಯ ಬುಡ, ಮೊಣಕಾಲಷ್ಟೂ ನೀರಿಲ್ಲ.

"ಹಿಮದ ನೀರಮ್ಮ, ಶೀತ ಆಗತ್ತೆ," ಅಂದರು ಅಪ್ಪ.

"ಸುಮ್ನಿರೋ. ಭಾರದ್ದು ದೂರ ಹೋಗಲ್ಲ. ಬಿದ್ದಲ್ಲೇ ಕೂತಿರತ್ತೆ."

ಸಲಿಕೆಯನ್ನೂ ಕೇಳಲಿಲ್ಲ. ಎರಡೂ ಕೈಯಿಂದ ತಳದ ಮಣ್ಣನ್ನು ಬಳಿದು ತಟ್ಟೆಗೆ ಹಾಕಿದಳು. ಮತ್ತೆ ತೂಗಿದಳು. ಈ ಸಲ ಕಪ್ಪು ಮರಳು ಬಂದ ಕೂಡಲೇ ಕೈ ನಿಲ್ಲಿಸಿ, ತಟ್ಟೆಯನ್ನು ಮಗನ ಮುಂದೆ ಚಾಚಿ, "ಮುಂದಿಂದು ನೀನು ಮಾಡು. ನನ್ನ ಕೈ ಚೆಲ್ಬಿಡತ್ತೆ," ಅಂದಳು.

ಮೂರು ಚೂರು. ದೊಡ್ಡದು ಅರ್ಧ ರಾಗಿ ಕಾಳಿನಷ್ಟು, ಉಳಿದೆರಡಕ್ಕೆ ಹೋಲಿಕೆ ಕೊಡಲೂ ಏನೂ ಇಲ್ಲ. ಅಪ್ಪ ಬೆರಳು ಒಣಗಿಸಿ, ತುದಿಯಿಂದ ಒತ್ತಿ ಎತ್ತಿ, ನೀರು ತುಂಬಿದ ಸೀಸೆಯೊಳಗೆ ಬಿಟ್ಟರು. ಮುಚ್ಚಳ ಹಾಕಿ ಅಜ್ಜಿಯ ಅಂಗೈಯಲ್ಲಿ ಇಟ್ಟರು. ಅಂಗೈ ಚಳಿಗೆ ಕೆಂಪಗಾಗಿತ್ತು. ಭಾಷಣ ಗೀಷಣ ಏನೂ ಆಗಲಿಲ್ಲ. "ತಗೋ" ಅಂದರು, ಅಷ್ಟೇ.

ನಾವು ಕಾರಿನ ಹತ್ತಿರ ಬರುವಾಗ ನದಿ ದಡದ ಪಾರ್ಕಿನ ಕಾವಲಿನವನು ಎದುರಾದ. ಖಾಕಿ ಅಂಗಿ, ಸೊಂಟದಲ್ಲಿ ಬೆಲ್ಟು, ತಲೆಯ ಮೇಲೆ ಹ್ಯಾಟು. ನಗುತ್ತಾ, ಏನಾದರೂ ಸಿಕ್ಕಿತಾ ಎಂದು ಕೇಳಿದ. ಸಿಕ್ಕಿತು ಎಂದು ಅಪ್ಪ ಹೆಮ್ಮೆಯಿಂದ ಅಜ್ಜಿಯ ಕಡೆ ತಿರುಗಿದರೆ ಅವಳ ಎರಡೂ ಕೈ ಖಾಲಿ. ಸೀಸೆ ಸೊಂಟದ ಗಂಟಿಗೆ ಹೋಗಿತ್ತು. ಮುಖ ಕಲ್ಲಾಗಿತ್ತು.

"ತೋರ್ಸಮ್ಮ. ಸುಮ್ನೆ ನೋಡ್ತಾನೆ ಅಷ್ಟೇ."

"ಹಂಗೇ ಅಂತಾರೆ ಮೊದ್ಲು."

"ಇಲ್ಲಮ್ಮ. ನಾನಿದೀನಿ."

ಅಜ್ಜಿ ಗಂಟು ಬಿಚ್ಚಿ ಸೀಸೆ ಕೊಟ್ಟಳು, ಸಿಕ್ಕಿಬಿದ್ದವಳ ಹಾಗೆ. ಅವನು ಅದನ್ನು ಬಿಸಿಲಿಗೆ ಹಿಡಿದ, ಅಲ್ಲಾಡಿಸಿದ, ಚೆನ್ನಾಗಿದೆ ಅಂದ. ಅವಳ ಕೈಗೇ ವಾಪಸ್ ಕೊಟ್ಟು, ಹ್ಯಾಟು ಮುಟ್ಟಿ ಹೊರಟುಹೋದ.

"ಹೆಸರು ಬರ್ಕೊಳ್ಳಲಿಲ್ವಾ?" ಅಜ್ಜಿ ಕೇಳಿದಳು.

"ಏನು ಬರ್ಕೊಳ್ಳೋದು? ನಿಂದೇ ಅದು."

ಕಾರಿನಲ್ಲಿ ಅವಳು ನನ್ನ ಪಕ್ಕ ಕಿಟಕಿಯ ಕಡೆ ಕೂತಿದ್ದಳು. ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುವಳು. ಪೊಲೀಸ್ ಕಾರು ಕಂಡರೆ ತಟ್ಟನೆ ಮಡಿಲಿಗೆ ಇಳಿಸುವಳು. ಅದು ಹೋದ ಮೇಲೆ ಮತ್ತೆ ಎತ್ತುವಳು. ಅಪ್ಪ ಕನ್ನಡಿಯಲ್ಲಿ ನೋಡುತ್ತಿದ್ದರು. ನಾವು 680ಕ್ಕೆ ಬಂದು ಸೇರಿದ ಮೇಲೆ ಒಂದು ಪೊಲೀಸ್ ಕಾರು ನಮ್ಮ ಪಕ್ಕದ ಲೇನಿನಲ್ಲೇ ಬಹಳ ದೂರ ಬಂತು. ಅಜ್ಜಿ ಅದನ್ನು ನೋಡಿದಳು. ಕೈ ಇಳಿಸಲಿಲ್ಲ.